ಒಲೆ ಗ್ಯಾಸು

ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಆರು ವರ್ಷ ತೀರ್ಥಹಳ್ಳಿಯ ಸೀತಾರಾಮಪ್ಪ ಮೇಸ್ತ್ರಿಗಳ ಶೆಡ್ಡಿನಲ್ಲಿ ಫ್ರಿಜ್ಜು, ಏಸಿ ರಿಪೇರಿ ಕಲಿತೆ. ಕೈಹಿಡಿದು ಕಲಿಸಿದವರು ಅವರೇ. ಗ್ಯಾಸಿನ ಒತ್ತಡ ಅಳೆಯುವ ಗೇಜನ್ನು ನನ್ನ ಕೈಗೆ ಕೊಟ್ಟು, ಗಿರಾಕಿಗಳ ಎದುರು "ಸುಬ್ಬಂಗೆ ಗೇಜಿನ ಮುಳ್ಳು ಕಾಣುತ್ತೆ, ನಂಬರ್ ಕಾಣಲ್ಲ" ಎಂದು ನಗಿಸಿದವರೂ ಅವರೇ. ಆ ನಗು ಕೇಳಿದ ದಿನ ಸ್ಪ್ಯಾನರನ್ನು ನೆಲಕ್ಕೆ ಎಸೆದು ಬಂದವನು ಸಾಗರದಲ್ಲಿ ಸ್ವಂತ ಅಂಗಡಿ ಹಾಕಿದೆ. ಎರಡು ವರ್ಷ ಆ ಕಡೆ ತಲೆ ಹಾಕಲಿಲ್ಲ.

ಎಂಬತ್ತಾರನೇ ಇಸವಿಯ ಏಪ್ರಿಲ್‌ನಲ್ಲಿ, ಪಕ್ಕದ ಇಕ್ಕೇರಿಯ ನೆಂಟರ ಮನೆಗೆ ಬಂದಿದ್ದ ತೀರ್ಥಹಳ್ಳಿ ಕಡೆಯ ಮುಕುಂದಯ್ಯ ಗೌಡರು ತಮ್ಮ ಬಿಳಿ ಅಂಬಾಸಿಡರ್ ಕಾರನ್ನು ನನ್ನ ಅಂಗಡಿ ಮುಂದೆ ತಂದು ನಿಲ್ಲಿಸಿದರು. ಬೆಂಗಳೂರಿನಲ್ಲಿ ಏಸಿ ಕೂರಿಸಿದ ಕಾರು. ಮಗಳು ಶರಾವತಿಯ ಮದುವೆಗೆ ಹದಿನೈದು ದಿನ ಉಳಿದಿತ್ತು. ಗಂಡಿನ ಕಡೆಯವರನ್ನು ತಣ್ಣಗೆ ಕರೆತರಬೇಕೆಂದು ಗೌಡರ ಹಟ. ನೋಡಿದರೆ ಒಳಗೆ ಗ್ಯಾಸೇ ಇರಲಿಲ್ಲ. ಹುಬ್ಬಳ್ಳಿಯಿಂದ ಬರಬೇಕಾದ ನನ್ನ ಗ್ಯಾಸಿನ ಬಾಟಲಿಗೆ ಮೂರು ವಾರದಿಂದ 'ಮುಂದಿನ ವಾರ' ಎಂಬ ಒಂದೇ ಉತ್ತರ. ದೊಡ್ಡ ಊರಿನ ದೊಡ್ಡ ಅಂಗಡಿಗಳಿಗೆ ಹಂಚಿ ಮಿಕ್ಕಿದರೆ ನಮ್ಮಂಥವರಿಗೆ. ನನಗೆ ಮೈಯೆಲ್ಲ ಉರಿಯಿತು.

ಅಡುಗೆಯ ಸಿಲಿಂಡರಿನ ಗ್ಯಾಸು ಕೂಡ ತಂಪು ಮಾಡುತ್ತದೆ ಎಂಬುದು ನನಗೆ ಗೊತ್ತಿತ್ತು. ಅಂಗಡಿಯ ಹಳೆ ಫ್ರಿಜ್ಜಿಗೆ ಹಿಂದಿನ ಬೇಸಿಗೆಯಲ್ಲೇ ತುಂಬಿ ನೋಡಿದ್ದೆ. ಬಾಟಲಿ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಾಗಿತ್ತು. ಕಾರಿಗೂ ಅದನ್ನೇ ತುಂಬಿದೆ. ಕಾಲು ಗಂಟೆಯಲ್ಲಿ ಒಳಗೆ ಕೂತ ಗೌಡರು ಶಲ್ಯ ಹೊದ್ದುಕೊಂಡರು. ಬೇರೆ ಗ್ಯಾಸು ಹಾಕಿದ್ದೇನೆಂದು ನಾನು ಹೇಳಿಯೂ ಹೇಳಿದೆ. "ಗ್ಯಾಸ್ ಅಂದ್ಮೇಲೆ ಗ್ಯಾಸೇ ಬಿಡು ಮಾರಾಯ" ಎಂದು ಅವರು ಬೆನ್ನು ತಟ್ಟಿದರು. ಬಿಡಿಸಿ ಹೇಳಬೇಕಾಗಿತ್ತು. ಹೊಗಳಿಕೆ ಕೇಳುತ್ತಾ ನಿಂತುಬಿಟ್ಟೆ.

ಒಂಬತ್ತನೇ ದಿನ ಗೌಡರ ಡ್ರೈವರ್ ಬೆಳ್ಳಪ್ಪ ಇಕ್ಕೇರಿಯ ನೆಂಟರಿಗೆ ಲಗ್ನಪತ್ರಿಕೆ ಕೊಡಲು ಬಸ್ಸಿನಲ್ಲಿ ಬಂದವನು ಅಂಗಡಿಗೂ ಬಂದ. ಕಾರೆಲ್ಲಿ ಎಂದು ಕೇಳಿದೆ.

"ಮೊದ್ಲಿನಷ್ಟು ತಂಪಿಲ್ಲ ಮಾರಾಯ. ಸೀತಾರಾಮಪ್ಪನ ಶೆಡ್ಡಲ್ಲಿ ಬಿಟ್ಟೀನಿ. ಇವತ್ತು ಊಟ ಆದ್ಮೇಲೆ ದೀಪ ಹಿಡಿದು ನೋಡ್ತಾರಂತೆ."

ಸೋರಿಕೆ ಹುಡುಕಲು ಮೇಸ್ತ್ರಿಗಳ ಬಳಿ ಒಂದು ಸ್ಪಿರಿಟ್ ದೀಪ ಇದೆ. ಪೈಪಿನ ಉದ್ದಕ್ಕೂ ಅದರ ನೀಲಿ ಉರಿ ಹಿಡಿದುಕೊಂಡು ಹೋಗುತ್ತಾರೆ. ಉರಿ ಹಸಿರಾದಲ್ಲಿ ಸೋರಿಕೆ. ಏಸಿಯ ಅಸಲಿ ಗ್ಯಾಸು ಉರಿಯುವುದಿಲ್ಲ, ಹಾಗಾಗಿ ಭಯವಿಲ್ಲ. ನಾನು ತುಂಬಿದ್ದು ಉರಿಯುವಂಥದು. ವಾಸನೆ ಹಿಡಿದಾರೆಂದರೆ ಮೂವತ್ತು ವರ್ಷದ ನಶ್ಯಕ್ಕೆ ಅವರ ಮೂಗು ಸತ್ತುಹೋಗಿದೆ. ತಂಪಿನ ಪೆಟ್ಟಿಗೆ ಇರುವುದು ಡ್ಯಾಶ್‌ಬೋರ್ಡಿನ ಕೆಳಗೆ, ಅಂದರೆ ಅವರು ಕಾರಿನೊಳಗೆ ತಲೆ ತೂರಿಸಿ ಉರಿ ಹಿಡಿಯುತ್ತಾರೆ.

ಹೊಸನಗರದ ಮೇಲೆ ಹೋಗುವ ಬಸ್ಸು ತೀರ್ಥಹಳ್ಳಿ ತಲುಪಲು ಮೂರು ಗಂಟೆ ಬೇಕು. ಪೋಸ್ಟಾಫೀಸಿಗೆ ಓಡಿ, ಶೆಡ್ಡಿನ ಪಕ್ಕದ ಮೆಡಿಕಲ್ ಶಾಪಿಗೆ ಅರ್ಜೆಂಟ್ ಟ್ರಂಕಾಲ್ ಬುಕ್ ಮಾಡಿದೆ. ಲೈನು ಸಿಕ್ಕಿದ್ದು ಮಧ್ಯಾಹ್ನ ಒಂದು ಗಂಟೆಗೆ. ಫೋನೆತ್ತಿದವನು ಅಂಗಡಿಯ ಹೇರಂಬ.

ಗೌಡರ ಕಾರಲ್ಲಿ ಗ್ಯಾಸ್ ಇದೆ, ದೀಪ ಹಚ್ಚಬಾರದು ಎಂದು ಮೇಸ್ತ್ರಿಗಳಿಗೆ ಈಗಲೇ ಹೇಳಿ ಬನ್ನಿ ಎಂದೆ. ಹೇರಂಬ ಹೋದ. ಅವನ ಹವಾಯಿ ಚಪ್ಪಲಿ ದೂರವಾಗುವುದು ಕೇಳಿಸಿತು, ಮತ್ತೆ ಹತ್ತಿರ ಬರುವುದೂ ಕೇಳಿಸಿತು.

"ಗ್ಯಾಸ್ ಇಲ್ದೆ ಕಾರಲ್ಲಿ ಪಾನಕ ಇರತ್ತಾ ಅಂತ ಕೇಳ್ತಿದಾರೆ. ದೀಪಕ್ಕೆ ಸ್ಪಿರಿಟ್ ತುಂಬ್ತಾ ಇದಾರೆ ಕಣೋ."

ಆಗ ಗೊತ್ತಾಯಿತು. ನಮ್ಮೂರಲ್ಲಿ ಒಲೆಯೊಳಗಿನದೂ ಗ್ಯಾಸು, ಏಸಿಯೊಳಗಿನದೂ ಗ್ಯಾಸು. ಬೇರೆ ಮಾಡಿ ಹೇಳಬೇಕಾದರೆ ನಾನು ಮಾಡಿದ್ದನ್ನೇ ಹೇಳಬೇಕು. ಬೂತಿಗೆ ಬಾಗಿಲಿರಲಿಲ್ಲ, ಹಿಂದೆ ಮನಿಯಾರ್ಡರಿನವರ ಸಾಲು, ಅದರಲ್ಲಿ ಇಬ್ಬರು ನನ್ನ ಗಿರಾಕಿಗಳು. ಇದನ್ನು ಕೇಳಿದವರು ನಾಳೆ ನನ್ನ ಅಂಗಡಿ ಮೆಟ್ಟಿಲು ಹತ್ತುತ್ತಾರೆಯೇ? ಮೇಲಾಗಿ ಆ ಮೇಸ್ತ್ರಿ ಮತ್ತೆ ನಗುತ್ತಾನೆ. ಮೂರು ನಿಮಿಷ ಮುಗಿಯುತ್ತಾ ಬಂತೆಂದು ಆಪರೇಟರ್ ನಡುವೆ ಬಾಯಿ ಹಾಕಿದಳು.

"ಒಲೆ ಗ್ಯಾಸು, ಹೇರಂಬಣ್ಣ," ಎಂದು ಕೂಗಿದೆ. "ಅನ್ನ ಬೇಯಿಸೋ ಸಿಲಿಂಡರಿಂದು. ಹಾಕಿದ್ದು ನಾನೇ, ಸುಬ್ಬ ಹಾಕಿದ್ದು ಅಂತ್ಲೇ ಹೇಳಿ."

ಲೈನು ಸತ್ತಿತ್ತು. ಮಾತು ಆ ಕಡೆ ಮುಟ್ಟಿತೋ ಇಲ್ಲವೋ ತಿಳಿಯಲಿಲ್ಲ. ಸಾಲಿನವರೆಲ್ಲ ನನ್ನನ್ನೇ ನೋಡುತ್ತಿದ್ದರು.

ಸಿಕ್ಕ ಬಸ್ಸು ಹತ್ತಿದೆ. ಹೊಸನಗರದಲ್ಲಿ ಎದುರಿನಿಂದ ಬಂದ ಬಸ್ಸಿನ ಕಂಡಕ್ಟರನನ್ನು ತೀರ್ಥಹಳ್ಳಿಯಲ್ಲಿ ಏನಾದರೂ ಆಯಿತಾ ಎಂದು ಕೇಳಿದೆ. ಏನಾಗಬೇಕಿತ್ತು ಎಂದು ಅವನು ನನ್ನನ್ನೇ ಕೇಳಿದ. ಡ್ರೈವರ್ ಚಹಾ ಕುಡಿದು, ಎಲೆಯಡಿಕೆ ಹಾಕಿ, ಯಾರದೋ ಹಲಸಿನಕಾಯಿ ಟಾಪಿಗೆ ಏರಿಸುವವರೆಗೂ ನಾನು ಹಲ್ಲು ಕಚ್ಚಿ ಕೂತಿದ್ದೆ.

ನಾಲ್ಕೂವರೆಗೆ ಶೆಡ್ಡು ಕಂಡಿತು. ಹೊಗೆಯಿಲ್ಲ, ಜನ ಸೇರಿಲ್ಲ. ಕಾರಿನ ನಾಲ್ಕೂ ಬಾಗಿಲು ತೆರೆದಿದ್ದವು. ಮೇಸ್ತ್ರಿಗಳು ಒಳಗೆ ಮಂಡಿಯೂರಿ, ಶೇವಿಂಗ್ ಬ್ರಷ್ಷಿನಿಂದ ಪೈಪಿನ ಜಾಯಿಂಟಿಗೆ ಸೋಪಿನ ನೊರೆ ಬಳಿಯುತ್ತಿದ್ದರು. ಒಂದು ಜಾಗದಲ್ಲಿ ನೊರೆ ಗುಳ್ಳೆಯಾಗಿ ಉಬ್ಬುತ್ತಿತ್ತು.

"ಕಡ್ಡಿ ಪೆಟ್ಟಿಗೆ ಕೈಯಲ್ಲಿತ್ತು," ಎಂದರು ತಿರುಗದೆ. "ಆ ಹೇರಂಬ ಎರಡನೇ ಸಲ ಓಡಿ ಬಂದ. ಆರು ವರ್ಷ ನನ್ನತ್ರ ಏನ್ ಕಲ್ತೆ ನೀನು?"

ನಾನು ತಲೆ ತಗ್ಗಿಸಿದೆ. ಆದರೂ ಸಿಟ್ಟು ಸುಮ್ಮನಿರಲಿಲ್ಲ.

"ಮುಳ್ಳು ನೋಡೋದು ಕಲ್ತೆ, ಮೇಸ್ತ್ರಿ. ನಂಬರ್ ನೀವು ಕಲಿಸ್ಲಿಲ್ಲ."

ಅವರು ಬ್ರಷ್ ಕೆಳಗಿಟ್ಟು ನನ್ನ ಕಡೆ ತಿರುಗಿದರು. ನಗಲಿಲ್ಲ.

ಸಂಜೆ ಗೌಡರು ಬಂದಾಗ ನಾನೇ ಎಲ್ಲವನ್ನೂ ಬಿಡಿಸಿ ಹೇಳಿದೆ, ಈ ಸಲ ಒಲೆಯಿಂದ ಶುರುಮಾಡಿ. ಕಾರಿನಲ್ಲಿ ಬೀಗರು ಕೂತು ಒಬ್ಬರು ಸಿಗರೇಟು ಹಚ್ಚಿದ್ದರೆ ಎಂದು ಅವರು ಲೆಕ್ಕ ಹಾಕುವುದು ಮುಖದಲ್ಲೇ ಕಾಣುತ್ತಿತ್ತು. ಬೈದರು, ಚೆನ್ನಾಗಿಯೇ ಬೈದರು. ಅಸಲಿ ಗ್ಯಾಸು ಮೇಸ್ತ್ರಿಗಳ ಹತ್ತಿರವೂ ಇರಲಿಲ್ಲ. ಕೊನೆಗೆ, ಕಿಟಕಿ ಇಳಿಸಿಕೊಂಡು ಬರಲಿ ಬಿಡು, ಬೀಗರೇನು ಬೆಣ್ಣೆಯೇ ಕರಗುವುದಕ್ಕೆ ಎಂದು ತಾವೇ ನಕ್ಕು ಹೊರಟರು.

ಕಾರನ್ನು ತುಂಗೆಯ ದಂಡೆಯ ಬಯಲಿಗೆ ತಳ್ಳಿಕೊಂಡು ಹೋದೆವು. ಸುತ್ತ ಬೀಡಿ ಸೇದುವವರು ಯಾರೂ ಇಲ್ಲವೆಂದು ನೋಡಿ, ನಾನು ವಾಲ್ವ್ ಸಡಿಲಿಸಿದೆ. ಗ್ಯಾಸು ಸುಯ್ ಎನ್ನುತ್ತಾ ಗಾಳಿಗೆ ಹೋಯಿತು. ಮೇಸ್ತ್ರಿಗಳು ಮರಳಿನ ಮೇಲೆ ಕೂತು ನಶ್ಯ ಏರಿಸಿದರು. ಹೊಳೆಯ ಮೇಲಿಂದ ಗಾಳಿ ಬೀಸುತ್ತಿತ್ತು. ಮೂರು ದಿನಕ್ಕಾಗುವಷ್ಟು ಹಸಿವು ನನಗೆ ಆಗಲೇ ಕಾಣಿಸಿಕೊಂಡಿತು.

"ನಮ್ಮನೇವ್ಳು ಮೀನಾಕ್ಷಿ ಅಕ್ಕಿರೊಟ್ಟಿ ತಟ್ತಿದಾಳೆ, ಉಂಡ್ಕೊಂಡು ಹೋಗು," ಎಂದರು. ಆಮೇಲೆ ನನ್ನ ಕಡೆ ಸರಿದು, ಧ್ವನಿ ತಗ್ಗಿಸಿ ಕೇಳಿದರು: "ಏ ಸುಬ್ಬ, ಎಷ್ಟು ತುಂಬಿದ್ದೆ?"

"ಮಾಮೂಲಿಗಿಂತ ಅರ್ಧ."

"ಅರ್ಧಕ್ಕೇ ಗೌಡ್ರು ಶಲ್ಯ ಹೊದ್ರಾ?"

"ಹೊದ್ರು."

"ಗೇಜು ಎಷ್ಟು ತೋರಿಸ್ತು?"

ಮರಳಿನ ಮೇಲೆ ಬೆರಳಿನಿಂದ ನಂಬರ್ ಬರೆದು ತೋರಿಸಿದೆ. ಅವರು ಬಗ್ಗಿ ಅದನ್ನು ಓದಿದರು, ಮತ್ತೊಮ್ಮೆ ಓದಿದರು.