ನೆಲ ಮುಟ್ಟದ ಬಕೆಟ್ಟು

ಕೈಲಾಂಚ ಹೋಬಳಿಯಲ್ಲಿ ಟ್ರ್ಯಾಕ್ಟರಿನ ಹಿಂದೆ ಮಣ್ಣು ಅಗೆಯುವ ಹೈಡ್ರಾಲಿಕ್ ತೋಳು ಜೋಡಿಸಿಕೊಂಡವರಲ್ಲಿ ನಾನೇ ಮೊದಲಿಗ. ನನ್ನಷ್ಟು ಬಾಯಿ ಮಾಡುವವನೂ ಇನ್ನೊಬ್ಬ ಇರಲಿಲ್ಲ. ಹಿಪ್ಪುನೇರಳೆ ತೋಟದಲ್ಲಿ ಪೈಪಿಗೆಂದು ಕಾಲುವೆ ತೆಗೆಯುವಾಗ ಯಾರಾದರೂ ತೋಳಿನ ಹತ್ತಿರ ಸುಳಿದರೆ ಅವರ ಅಪ್ಪ, ತಾತನನ್ನೆಲ್ಲ ಎಳೆದು ಬೈಯುತ್ತಿದ್ದೆ. ಇಂಜಿನ್ ಆಫ್ ಮಾಡುವ ಮೊದಲು ಬಕೆಟ್ಟನ್ನು ನೆಲಕ್ಕೆ ಊರಬೇಕು. ಎತ್ತಿ ಬಿಟ್ಟರೆ, ಇಂಜಿನ್ ನಿಂತಿದ್ದರೂ ಲಿವರ್ ಅಲುಗಿದರೆ ಸಾಕು, ತೋಳು ತನ್ನ ಭಾರಕ್ಕೇ ಕೆಳಗೆ ಬರುತ್ತದೆ. ಇದನ್ನು ಊರೂರಿನ ಡ್ರೈವರುಗಳಿಗೆ ಮೇಷ್ಟ್ರಂತೆ ಹೇಳಿಕೊಟ್ಟವನು ನಾನು. ಹನ್ನೊಂದು ವರ್ಷ ಹಾಗೆಯೇ ನಡೆದುಕೊಂಡೆ ಕೂಡ.

ತಪ್ಪಿದ್ದು ಒಂದೇ ದಿನ, ಆಯುಧಪೂಜೆಯಂದು.

ಹಬ್ಬಕ್ಕೆ ಮರಳವಾಡಿಯಿಂದ ನಮ್ಮತ್ತೆ ಮಾರಮ್ಮ ಬಂದಿದ್ದರು. ನಾನು ಗಾಡಿ ತೊಳೆದು, ಬಕೆಟ್ಟಿಗೆ ವಿಭೂತಿ ಪಟ್ಟೆ ಬಳಿದು ನಿಲ್ಲಿಸಿದ್ದೆ. ಅತ್ತೆ ಸುತ್ತ ಒಂದು ಸಲ ನೋಡಿದರು.

"ಪೂಜೆ ಮಾಡೋ ಆಯುಧ ನೆಲ ಮುಟ್ಬಾರ್ದು ಕಣಪ್ಪ. ನಮ್ಮನೇಲಿ ಗುದ್ಲೀನೂ ಮಣೆ ಮ್ಯಾಲೆ ಮಡುಗ್ತೀವಿ."

"ಇದ್ನ ಮಡುಗೋವಂತ ಮಣೆ ಎಲ್ಲಿಂದ ತರ್ಲಿ ಅತ್ತೆ?" ಅಂದೆ.

ಅವರ ಮಗಳು, ನನ್ನ ಹೆಂಡತಿ ಗಂಗಲಕ್ಷ್ಮಮ್ಮ ನಕ್ಕಳು. "ಒಸಿ ಮ್ಯಾಕೆತ್ತಿ ನಿಲ್ಸಿ. ಅಡೀಲಿ ರಂಗೋಲಿ ಬುಡ್ತೀನಿ."

ಎದೆಮಟ್ಟಕ್ಕೆ ಎತ್ತಿ ಇಂಜಿನ್ ಆಫ್ ಮಾಡಿದೆ. ಅಡಿಗೆ ಒಂದು ಮರದ ದಿಮ್ಮಿ ಕೊಡಬಹುದಿತ್ತು. ಹಬ್ಬದ ದಿನ ಗಾಡಿ ಮುಟ್ಟುವವರು ಯಾರು ಎಂದುಕೊಂಡೆ. ರಂಗೋಲಿ ಪುಡಿ ತರಲು ಒಳಗೆ ಹೋದವಳು ಯಾವಾಗ ಬಂದು ಬಕೆಟ್ಟಿನ ಕೆಳಗೆ ಕುಕ್ಕರಗಾಲಲ್ಲಿ ಕೂತಳೋ ನಾನು ನೋಡಲಿಲ್ಲ. ಸೀಟು ಹತ್ತಿ ಲಿವರುಗಳಿಗೆ ಸೇವಂತಿಗೆ ಹಾರ ಸುತ್ತುತ್ತಿದ್ದೆ. ಗಂಟು ಬಿಗಿಯಾಗಲೆಂದು ಹಾರ ಜಗ್ಗಿದೆ. ಅದರ ಜೊತೆಗೆ ಲಿವರೂ ಬಂತು.

ಅವಳು ಕೂಗಲೂ ಇಲ್ಲ. ರಾಮನಗರದ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಳು.

ಆಯಿಲ್ ಪೈಪು ಒಡೆದಿರಬೇಕು ಎಂದರು ನೆರೆದವರು. ಹೂಂ ಎಂದೆ. ಪೊಲೀಸರ ಮುಂದೆಯೂ ಹೂಂ ಎಂದೆ. ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ಬಾಯಿಗೆ ನಿಜ ಹೇಳುವ ಯೋಗ್ಯತೆ ಇರಲಿಲ್ಲ. ಅತ್ತೆ ಮಾತ್ರ ಪೈಪಿನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. "ಎತ್ಸಿದ್ದು ನಾನು. ನಿನ್ ಹೆಂಡ್ತೀನ ನಾನೇ ಕೊಂದ್ಬುಟ್ಟೆ ಕಣಪ್ಪ. ಉಣ್ಣಕಾದ್ರೂ ಇಕ್ತೀನಿ" ಎಂದು ನಮ್ಮ ಮನೆಯಲ್ಲೇ ಉಳಿದರು. ದಿನಾ ಎರಡು ಹೊತ್ತು ಮುದ್ದೆ ತೊಳಸಿ ಬಡಿಸಿದರು. ಮಗಳ ಹೆಸರು ಹೇಳಿ ಅಳುತ್ತಾ ಸಾರು ಬಿಡುತ್ತಿದ್ದರು. ನಾನು ತಲೆ ತಗ್ಗಿಸಿ ಉಣ್ಣುತ್ತಿದ್ದೆ.

ಮರುವರ್ಷ ನಮಗೆ ಹಬ್ಬವಿರಲಿಲ್ಲ. ಪಕ್ಕದ ಮನೆಯ ನಾಗಲಕ್ಷ್ಮಮ್ಮ ಬಾಗಿಲಿಗೆ ಬಂದು, ಹೊಸ ಬೈಕಿನ ಪೂಜೆ ಹೇಗೆ ಮಾಡಬೇಕೆಂದು ಅತ್ತೆಯನ್ನು ಕೇಳಿದಳು.

"ನನ್ನ ಕೇಳ್ಬೇಡ ಕಣವ್ವ. ನನ್ ಮಾತು ಮಗಳ್ನೇ ತಿಂತು" ಎಂದರು ಅತ್ತೆ. ಅವಳು ಅತ್ತ ಹೋಗುತ್ತಲೇ ಒಳಗೆ ಬಂದು ತಮ್ಮ ಬಾಯಿಯ ಮೇಲೆ ತಾವೇ ಪಟಪಟನೆ ಹೊಡೆದುಕೊಂಡರು. ತುಟಿ ಒಡೆದು ರಕ್ತ ಬಂತು.

ಆ ಕೈಗಳನ್ನು ಹಿಡಿದುಕೊಂಡೆ.

"ಅತ್ತೆ, ಪೈಪ್ ಒಡೀಲಿಲ್ಲ. ಹಾರ ಕಟ್ಟುವಾಗ ನಾನೇ ಲಿವರ್ ಜಗ್ಗಿದ್ದು. ಎತ್ತಿದ್ ಬಕೆಟ್ ಕೆಳಗೆ ಯಾರ್ನೂ ಬುಡಬಾರ್ದು ಅಂತ ನಿಮ್ಗೆ ಗೊತ್ತಿರ್ಲಿಲ್ಲ. ನಂಗೊತ್ತಿತ್ತು."

ಅವರು ಕೈ ಬಿಡಿಸಿಕೊಂಡರು.

"ಅವತ್ತು ಕೈ ಜಾರ್ತು, ಆಯ್ತು. ಒಂದೊರ್ಸದಿಂದ ನಾನ್ ಇಕ್ಕಿದ್ನ ಉಂಡ್ಯಲ್ಲ ಕೃಷ್ಣಪ್ಪ, ನಾನ್ ಅಳೋದ್ನ ನೋಡ್ಕಂಡೇ ಉಂಡ್ಯಲ್ಲ. ಆಗೇನ್ ಜಾರಿತ್ತು?"

ಎರಡು ಸೀರೆ ಗಂಟು ಕಟ್ಟಿಕೊಂಡು ಹೊರಟೇಬಿಟ್ಟರು. ಗಂಟನ್ನಾದರೂ ಹೊರುತ್ತೇನೆ ಎಂದು ಕಿತ್ತುಕೊಂಡು ಬಸ್ಸಿನವರೆಗೆ ಹಿಂದೆ ಹಿಂದೆ ಹೋದೆ. ಮೆಟ್ಟಿಲ ಮೇಲೆ ನಿಂತಿದ್ದ ಕಂಡಕ್ಟರ್ ಅದನ್ನು ನನ್ನ ಕೈಯಿಂದ ಇಸಿದುಕೊಂಡ.

"ಮಗನಾ ಅಜ್ಜಿ?" ಎಂದು ಕೇಳಿದ.

"ಅಲ್ಲ ಕಣಪ್ಪ" ಎಂದರು ಅತ್ತೆ. "ನಂಗಿದ್ದೋಳು ಒಬ್ಳೇ ಮಗಳು."