ಕೇಳದ ನೀರು

ನನ್ನ ಅತ್ತೆ ಪೀರಮ್ಮ ಮನೆಯ ಹೊರಗೆ ಯಾರ ಹತ್ತಿರವೂ ನೀರು ಕೇಳುವುದಿಲ್ಲ. ಕೊಟ್ಟರೂ ಕುಡಿಯುವುದಿಲ್ಲ. ಮದುವೆಗೆ ಹೋಗಲಿ, ದವಾಖಾನೆಗೆ ಹೋಗಲಿ, ಕಂಕುಳಲ್ಲಿ ಒಂದು ಸ್ಟೀಲಿನ ಬಾಟಲಿ ಇರಲೇಬೇಕು. ವಾಡಿಯ ರೈಲ್ವೆ ಕ್ವಾರ್ಟರ್ಸಿಗೆ ಹೊಸದಾಗಿ ಬಂದವರು ಇದನ್ನು ನೋಡಿ ಮುದುಕಿಗೆ ಭಾಳ ಸೊಕ್ಕು ಅಂದುಕೊಳ್ಳುತ್ತಾರೆ. ಸೊಸೆಯಾಗಿ ಬಂದ ಹೊಸತರಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ, ಆಮೇಲೆ ರೂಢಿಯಾಯಿತು. ಈಗ ಹೇಳಹೊರಟದ್ದು ನನ್ನ ಮಗಳ ಸಂಗತಿ, ಆದರೆ ಅತ್ತೆಯ ಬಾಟಲಿಯನ್ನು ಬಿಟ್ಟು ಅದನ್ನು ಹೇಳಲು ಬರುವುದಿಲ್ಲ.

ಮಗಳು ಗೌತಮಿಗೆ ಮೂರು ವರ್ಷ ತುಂಬಿತ್ತು. ಒಂದು ಮಾತೂ ಬಂದಿರಲಿಲ್ಲ. ನಗುತ್ತಿದ್ದಳು, ಕರೆದರೆ ಓಡಿ ಬರುತ್ತಿದ್ದಳು, ಚಪ್ಪಲಿ ತಾ ಅಂದರೆ ಎರಡನ್ನೂ ಜೋಡಿಸಿ ತರುತ್ತಿದ್ದಳು. ಬಾಯಿ ಮಾತ್ರ ಬೀಗ ಹಾಕಿದಂತೆ. ನಾನು ಚಿತ್ತಾಪುರದ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಮಂದಿಯ ಮಕ್ಕಳಿಗೆ ಮಾತು ಕಲಿಸುವವಳ ಮಗಳಿಗೆ ಮಾತಿಲ್ಲ ಅಂತ ಕ್ವಾರ್ಟರ್ಸಿನವರು ಆಡಿಕೊಳ್ಳುತ್ತಿದ್ದರು. ನನ್ನ ಕಿವಿಗೆ ಬೀಳುವಷ್ಟು ಗಟ್ಟಿಯಾಗಿಯೇ ಆಡಿಕೊಳ್ಳುತ್ತಿದ್ದರು, ಪುಣ್ಯವಂತರು. ಜೂನಿನಲ್ಲಿ ನರ್ಸರಿ ಶಾಲೆಗೆ ಸೇರಿಸಬೇಕು. ಅಲ್ಲಿ ಬಾಯಾರಿದರೆ ಈ ಕೂಸು ಯಾರಿಗೆ ಹೇಗೆ ಹೇಳೀತು ಎಂಬ ಭಯ ನನ್ನನ್ನು ಹಗಲೆಲ್ಲ ಕೊರೆಯುತ್ತಿತ್ತು.

ಕಲಬುರಗಿಯ ಡಾಕ್ಟರಿಗೆ ತೋರಿಸಿದೆವು. ಅವರು ಗಂಟೆ ಬಾರಿಸಿ ನೋಡಿದರು, ನಾಲಿಗೆ ನೋಡಿದರು.

"ಕಿವಿ ಚಲೋ ಅದ, ನಾಲಿಗಿನೂ ಚಲೋ ಅದ. ಮನ್ಯಾಗ ಯಾವ ಭಾಷಾ ಮಾತಾಡ್ತೀರಿ?"

"ಮನ್ಯಾಗ ಕನ್ನಡ ರೀ. ಎಡಕ್ಕಿನ ಮನ್ಯಾಗ ಉರ್ದು, ಬಲಕ್ಕಿನ ಮನ್ಯಾಗ ತೆಲುಗು. ಕೂಸು ಮೂರೂ ಮನ್ಯಾಗ ಬೆಳ್ಯಾಕತ್ತದ," ಅಂದ ನನ್ನ ಗಂಡ ಅಜಯಕುಮಾರ.

"ಮತ್ತ ಆಕಿ ಯಾವುದು ಹಿಡೀಬೇಕ್ರಿ? ಒಂದೇ ಭಾಷಾ ಇಡ್ರಿ," ಅಂದರು ಡಾಕ್ಟರು.

ಊರಿಗೆ ಬಂದವಳೇ ನಾನು ಕಾಯ್ದೆ ಹೊರಡಿಸಿದೆ. ಗೌತಮಿಯ ಎದುರಿಗೆ ಕನ್ನಡ ಬಿಟ್ಟು ಬೇರೆ ಮಾತಿಲ್ಲ. ಎಡಗಡೆ ಮನೆಯ ಮಜೀದಸಾಬರ ಹೆಂಡತಿಯನ್ನು ಕ್ವಾರ್ಟರ್ಸಿನ ಮಕ್ಕಳೆಲ್ಲ ಖಾಲಾ ಅನ್ನುತ್ತಾರೆ. ಹುಟ್ಟಿದ ಕೂಸಿಗೆ ಮೊದಲ ಸಲ ನೀರೆರೆದವಳೇ ಅವಳು. "ಪಾನಿ ಪೀತೀ ಕ್ಯಾ ಬೇಟೀ?" ಅಂತ ದಿನಕ್ಕೆ ನಾಲ್ಕು ಸಲ ಕೇಳುತ್ತಿದ್ದವಳು ಈಗ ಬಾಯಿಯವರೆಗೆ ಬಂದದ್ದನ್ನು ನುಂಗಿಕೊಂಡು, ಕನ್ನಡ ಹುಡುಕಿ, ಸಿಗದೆ, ಕೈಯನ್ನೇ ಲೋಟದ ಹಾಗೆ ಮಾಡಿ ತೋರಿಸತೊಡಗಿದಳು. ಬಲಗಡೆ ಮನೆಯ ನರ್ಸಮ್ಮ ತಾಂಡೂರಿನ ಕಡೆಯವಳು. "ನೀಳ್ಳು ತಾಗುತವಾ ಬಿಡ್ಡಾ?" ಅನ್ನುವುದನ್ನು ಬಿಟ್ಟು ಸುಮ್ಮನೆ ಕೂಸಿನ ತಲೆ ಸವರುತ್ತ ಕೂಡುತ್ತಿದ್ದಳು. ಒಬ್ಬಳಿಗೆ ಮಾತು ಬರಲೆಂದು ಇಬ್ಬರ ಬಾಯಿ ಕಟ್ಟಿದ್ದೆ. ಮೂರು ಮನೆಗಳ ನಡುವಿನ, ಪರಸಿಕಲ್ಲು ಹಾಸಿದ ಅಂಗಳ ಮಧ್ಯಾಹ್ನದಲ್ಲಿ ಎಷ್ಟು ನಿಶ್ಶಬ್ದವಾಯಿತೆಂದರೆ, ದೂರದ ಸಿಮೆಂಟ್ ಕಾರ್ಖಾನೆಯ ಗುಂಯ್‌ಗುಡುವಿಕೆ ನಮ್ಮ ಅಡುಗೆಮನೆಯಿಂದಲೇ ಬಂದಂತೆ ಕೇಳುತ್ತಿತ್ತು.

ವಾಡಿಯಿಂದ ಚಿತ್ತಾಪುರಕ್ಕೆ ನಾನು ಪ್ಯಾಸೆಂಜರ್ ಗಾಡಿಯಲ್ಲಿ ಹೋಗುತ್ತೇನೆ. ಬೆಳಗಿನ ಬಿಸಿಲು ಕಿಟಕಿಯ ಸರಳುಗಳ ನೆರಳನ್ನು ಮಡಿಲಲ್ಲಿ ತಂದಿಡುತ್ತದೆ, ಕಣ್ಣು ತಾನಾಗಿ ಮುಚ್ಚುತ್ತದೆ. ಆ ಅರೆನಿದ್ದೆಯಲ್ಲಿ ನನಗೆ ಪದಗಳು ಕಾಣುತ್ತವೆ. ಕನ್ನಡ ಎಂ.ಎ. ಮಾಡಿದವರಿಗೆ ಅಂಟುವ ರೋಗ ಅದು, ಔಷಧಿ ಇಲ್ಲ. ಆ ದಿನಗಳಲ್ಲಿ ಕಾಣುತ್ತಿದ್ದದ್ದು ಒಂದೇ ಪದ. ಗಾಡಿಯ ಡಬ್ಬಿಯ ತುಂಬ ಅದನ್ನೇ ಕೂಗುತ್ತಿದ್ದರಲ್ಲ! ಬಾಟಲಿ ಮಾರುವವನು ಪಾನಿ ಅನ್ನುತ್ತಿದ್ದ, ಸೊಲ್ಲಾಪುರದ ಕಡೆಯವರು ಪಾಣಿ ಅನ್ನುತ್ತಿದ್ದರು, ಸೇಡಂ ದಾಟಿ ಹೋಗುವವರು ನೀಳ್ಳು, ನಾವು ನೀರು.

ನೀರು ತುಂಬ ಹಳೆಯ ಪದ. ಕನ್ನಡ, ತೆಲುಗು, ತಮಿಳು ಬೇರೆ ಬೇರೆ ಮನೆ ಮಾಡುವ ಮೊದಲೇ ಅದು ಇತ್ತು. ಸಂಸ್ಕೃತ ಅದನ್ನು ನಮ್ಮ ಕಡೆಯಿಂದಲೇ ಎರವಲು ಒಯ್ದು ನೀರ ಅಂತ ಇಟ್ಟುಕೊಂಡಿತು ಎನ್ನುತ್ತಾರೆ ಬಲ್ಲವರು. ಒಯ್ದದ್ದನ್ನು ತಿರುಗಿ ಕೊಟ್ಟ ಸುದ್ದಿ ಇಲ್ಲ. ಪಾನಿ ಬಂದದ್ದು ಪಾನೀಯದಿಂದ, ಎಂದರೆ ಕುಡಿಯುವಂಥದ್ದು. ಆ ಪದ ಹುಟ್ಟುವಾಗಲೇ ಯಾರಿಗೋ ಬಾಯಾರಿತ್ತು. ಸಂಸ್ಕೃತದ ಉದಕವೂ ಇಂಗ್ಲಿಷಿನ ವಾಟರೂ ಒಂದೇ ಅಜ್ಜಿಯ ಮೊಮ್ಮಕ್ಕಳು. ಪಾರಸಿಯ ಆಬ್ ಹೋಗಿ ಗುಲಾಬಿಯೊಳಗೆ ಕುಳಿತುಬಿಟ್ಟಿದೆ. ಗುಲ್ ಅಂದರೆ ಹೂವು, ಆಬ್ ಅಂದರೆ ನೀರು. ನಮ್ಮ ಹನಿಗೆ ಹಳಗನ್ನಡದಲ್ಲಿ ಪನಿ ಅನ್ನುತ್ತಿದ್ದರು. ಅದು ಪಾನಿಗೆ ನೆಂಟ ಅಲ್ಲ, ಆದರೆ ನಿದ್ದೆಗಣ್ಣಿನಲ್ಲಿ ಯಾರು ಬೇಕಾದರೂ ನೆಂಟರಾಗಬಹುದು. ಎಲ್ಲವೂ ಕೈ ಕೈ ಹಿಡಿದು ಕಾಗಿಣೆ ಹೊಳೆಯ ಮೇಲೆ ಮೆಲ್ಲಗೆ ತೇಲುತ್ತ ಬರುತ್ತಿದ್ದವು. ಗೌತಮಿ ದಡದಲ್ಲಿ ಕಾಲು ಇಳಿಬಿಟ್ಟು ನೋಡುತ್ತಿದ್ದಳು. ಒಂದನ್ನಾದರೂ ಎತ್ತಿಕೊಳ್ಳವ್ವಾ ಅಂತ ಕೂಗಲು ಹೋದರೆ ನನಗೇ ಮಾತು ಬರುತ್ತಿರಲಿಲ್ಲ. ಅಷ್ಟರಲ್ಲಿ ಚಿತ್ತಾಪುರ ಬರುತ್ತಿತ್ತು.

ಒಂದು ರವಿವಾರ ಮಧ್ಯಾಹ್ನ ನಾನು ಗೋಡೆಗೆ ಒರಗಿ ಅರ್ಧ ಕಣ್ಣು ಮುಚ್ಚಿ ಕುಳಿತಿದ್ದೆ. ಅತ್ತೆ ನನಗೆ ಬೆನ್ನು ಮಾಡಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಗೌತಮಿ ಬೊಂಬೆಯೊಂದನ್ನು ಮಲಗಿಸುತ್ತಿದ್ದವಳು ಆಟ ನಿಲ್ಲಿಸಿ ಮೂಲೆಯ ಕೊಡದ ಕಡೆ ನೋಡಿದಳು. ಬರೀ ನೋಡಿದಳು. ಅತ್ತೆ ತಿರುಗಿ ಕೂಡ ನೋಡಲಿಲ್ಲ. ಮೊರ ಇಟ್ಟಳು, ಎದ್ದಳು, ಲೋಟ ತುಂಬಿ ತಂದು ಮೊಮ್ಮಗಳ ತುಟಿಗೆ ಹಿಡಿದಳು. ಮತ್ತೆ ಹೋಗಿ ಮೊರ ಹಿಡಿದಳು. ನನ್ನ ನಿದ್ದೆ ಹಾರಿಹೋಯಿತು. ಮೂರು ವರ್ಷದಿಂದ ಇದು ನನ್ನ ಕಣ್ಣೆದುರೇ ನಡೆಯುತ್ತಿತ್ತು. ಹಸಿವಾಗುವ ಮೊದಲು ತುತ್ತು, ಬಾಯಾರುವ ಮೊದಲು ನೀರು. ಹುಡುಗಿಗೆ ಮಾತು ಎಲ್ಲಿ ಬೇಕಿತ್ತು?

"ಅತ್ತಿ, ಒಂದ್ ಮಾತ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ," ಅಂದೆ. "ಆಕಿ ಬಾಯಿ ತೆಗಿಯೂದ್ರಾಗ ನೀವು ಎಲ್ಲಾ ಕೊಟ್ಟೇ ಬಿಡ್ತೀರಿ. ಒಂದೀಟು ತಡೀರಿ. ನೀರು ಅಂತ ಅನ್ನೂತನ ತಡೀರಿ."

ಅತ್ತೆಯ ಕೈ ಮೊರದಲ್ಲೇ ನಿಂತಿತು.

"ನೀರು ಕೇಳ್ಲಿ ಅಂತೀಯೇನು? ನನ್ನ ಮೊಮ್ಮಗಳು?"

"ತಪ್ಪೇನದ ರೀ ಅದರಾಗ?"

ಅವಳು ಒಂದು ಹರಳು ಆರಿಸಿ ಎಸೆದಳು. ಆಮೇಲೆ ಜೋಳದ ಕಡೆ ನೋಡುತ್ತಲೇ ಹೇಳಿದಳು.

"ಚಿಂಚೋಳಿ ಕಡಿ ನಮ್ಮೂರಾಗ ಒಂದ್ ಬಾವಿ ಇತ್ತು ಪೂನಮಾ. ನಾವು ಮುಟ್ಟಂಗಿರಲಿಲ್ಲ. ಬಿಸಲಾಗ ಕೊಡ ಹಿಡಕೊಂಡು ದೂರ ನಿಂದ್ರತಿದ್ದೆವು. ನೀರು ಹಾಕ್ರಿ ಯವ್ವಾ, ನೀರು ಹಾಕ್ರಿ ಯಪ್ಪಾ ಅಂತ ಒದರತಿದ್ದೆವು. ಮನಸ್ಸು ಬಂದ್ರ ಹಾಕ್ತಿದ್ರು, ಇಲ್ಲಂದ್ರ ಇಲ್ಲ. ನಾ ಕಲ್ತ ಮೊದಲನೇ ಮಾತೇ ಅದಂತ, ನಮ್ಮವ್ವ ಹೇಳ್ತಿದ್ಳು. ವಾಡಿಗಿ ಬಂದು ಮನ್ಯಾಗ ನಳ ಬಂತಲ್ಲ, ಅವತ್ತೇ ಅಂದ್ಕೊಂಡೀನಿ. ನಾ ಕೇಳಂಗಿಲ್ಲ, ನನ್ನ ಮನ್ಯಾಗ ಹುಟ್ಟಿದವ್ರೂ ಯಾರೂ ಕೇಳಂಗಿಲ್ಲ."

ಆ ಪದದ ಬೇರು ಹುಡುಕಿ ಪಾರಸಿಯವರೆಗೆ ಅಲೆದು ಬಂದಿದ್ದೆ ನಾನು. ನಮ್ಮ ಮನೆಗೆ ಅದು ಯಾವ ದಾರಿಯಿಂದ ಬಂತೆಂದು ಒಂದು ಸಲವೂ ಕೇಳಿರಲಿಲ್ಲ. ಆದರೂ ನಾನು ತಾಯಿ, ಜೂನು ಹತ್ತಿರ ಬರುತ್ತಿತ್ತು. "ಒಂದೇ ಸಲ ಮಾಡಿ ನೋಡೋಣ್ರಿ ಅತ್ತಿ," ಅಂತ ಬೇಡಿಕೊಂಡೆ. ಅವಳು ಆಗಲಿ ಅಂದಳು.

ಮರುದಿನ ನನಗೆ ರಜೆ ಇತ್ತು. ಅತ್ತೆ ನೀರು ತುಂಬಿದ ಲೋಟವನ್ನು ಸೆರಗಿನ ಮರೆಯಲ್ಲಿ ಹಿಡಿದು ಕುಳಿತಳು. ಗೌತಮಿ ಬಿಸಿಲಿನಲ್ಲಿ ಆಡಿ ಬಂದವಳು ಕೊಡ ನೋಡಿದಳು, ಆಮೇಲೆ ಅಜ್ಜಿಯನ್ನು ನೋಡಿದಳು. ಅಜ್ಜಿ ಏಳಲಿಲ್ಲ.

"ಏನ್ ಬೇಕವ್ವಾ? ಹೇಳು," ಅಂದಳು ಅತ್ತೆ.

ಕೂಸು ಹತ್ತಿರ ಬಂದು ನಿಂತಿತು. ತುಟಿ ಅದುರಿತು. ಇದೇನು ಹೊಸ ಆಟ ಎಂದು ಅಜ್ಜಿಯ ಮುಖವನ್ನೇ ನೋಡುತ್ತ, ಸದ್ದಿಲ್ಲದೆ, ದೊಡ್ಡ ದೊಡ್ಡ ಹನಿಯಾಗಿ ಅಳತೊಡಗಿತು. ಅತ್ತೆ ತಟ್ಟನೆ ಮುಂದೆ ಬಾಗಿದಳು, ಲೋಟದ ನೀರು ಸೆರಗನ್ನು ತೋಯಿಸಿ ಪರಸಿಯ ಮೇಲೆ ಹರಿಯಿತು. ಅವಳು ಕೂಸನ್ನು ಎಳೆದು ಎದೆಗೆ ಒತ್ತಿಕೊಂಡು, ಉಳಿದದ್ದನ್ನು ಕುಡಿಸಿದಳು.

"ಬಾವಿ ಮ್ಯಾಲ ನಿಂತೋರಂಗ ಆದ್ನಲ್ಲೇ ಪೂನಮಾ," ಅಂತ ಅತ್ತಳು. "ಮಾತು ಬರದಿದ್ರ ಬ್ಯಾಡ. ನನ್ನ ಕೈಲೆ ಆಗಂಗಿಲ್ಲ."

ನನಗೂ ಅಳು ಬಂತು. ಅಂದೇ ನನ್ನ ಕಾಯ್ದೆಗಳನ್ನೆಲ್ಲ ರದ್ದು ಮಾಡಿದೆ. ಎರಡೂ ಮನೆಗೆ ಹೋಗಿ, ನಿಮಗೆ ಹೆಂಗ ಬರ್ತದ ಹಂಗ ಮಾತಾಡ್ರಿ, ತಪ್ಪಾತು ಅಂದೆ. ಖಾಲಾ ಕಣ್ಣು ಒರೆಸಿಕೊಂಡು ಓಡಿಬಂದು ಗೌತಮಿಯನ್ನು ಎತ್ತಿಕೊಂಡವಳು ಒಂದು ತಾಸು ಉರ್ದುವಿನಲ್ಲೇ ಬೈದಳು, ಮುದ್ದಾಡಿದಳು. ನರ್ಸಮ್ಮ ತನ್ನ ತೆಲುಗಿನ ಹಾಡು ಮತ್ತೆ ಶುರು ಮಾಡಿದಳು. ಅಂಗಳಕ್ಕೆ ಜೀವ ಬಂತು. ನನ್ನ ಎದೆಯೊಳಗಿನ ಭಯ ಮಾತ್ರ ಇದ್ದಲ್ಲೇ ಇತ್ತು.

ಏಪ್ರಿಲಿನಲ್ಲಿ, ಬಾಬಾಸಾಹೇಬರ ಜಯಂತಿಯ ದಿನ, ನಮ್ಮ ಕ್ವಾರ್ಟರ್ಸಿನ ಹೆಂಗಸರು ಸ್ಟೇಷನ್ ದಾರಿಯ ಬೇವಿನಮರದ ಕೆಳಗೆ ನೀರು ತುಂಬಿದ ಮಣ್ಣಿನ ಗಡಿಗೆಗಳನ್ನು ಇಡುತ್ತೇವೆ. ಮಳೆ ಬೀಳುವತನಕ ಅವು ಅಲ್ಲೇ ಇರುತ್ತವೆ. ಶಹಾಬಾದಿನಿಂದ ತಂದ ಪರಸಿಕಲ್ಲಿನ ಕಟ್ಟೆ, ಗಡಿಗೆಗಳಿಗೆ ಒದ್ದೆ ಬಟ್ಟೆ. ನಾವು ಅರವಟಿಗೆ ಅನ್ನುತ್ತೇವೆ, ನರ್ಸಮ್ಮ ಚಲಿವೇಂದ್ರಂ ಅನ್ನುತ್ತಾಳೆ, ಮಜೀದಸಾಬರು ಸಬೀಲ್ ಅನ್ನುತ್ತಾರೆ. ಅರವಟಿಗೆಯ ಅರ ಎಂದರೆ ಧರ್ಮ, ಸಬೀಲ್ ಎಂದರೆ ದಾರಿ. ನೀರು ಅದೇ. ಪ್ರತಿ ವರ್ಷ ಅತ್ತೆಯೇ ಗಡಿಗೆಯ ಪಕ್ಕ ಕುಳಿತು ಬಂದವರಿಗೆಲ್ಲ ಹಾಕಿ ಕೊಡುತ್ತಾಳೆ, ಯಾರನ್ನೂ ಕೇಳುವತನಕ ಕಾಯಿಸುವುದಿಲ್ಲ. ತಾನು ಮಾತ್ರ ಅದರಿಂದ ಕುಡಿಯುವುದಿಲ್ಲ, ಬಾಟಲಿ ಪಕ್ಕದಲ್ಲೇ ಇರುತ್ತದೆ.

ಆ ವರ್ಷವೂ ಹಾಗೇ ಕುಳಿತಿದ್ದಳು. ಮೆರವಣಿಗೆ ಮುಂದೆ ಹೋಗಿತ್ತು, ನೀಲಿ ಬಾವುಟಗಳು ಬಿಸಿಲಿನಲ್ಲಿ ಕರಗಿದಂತೆ ಕಾಣುತ್ತಿದ್ದವು. ಬಂದವರಿಗೆಲ್ಲ ಹಾಕಿ ಹಾಕಿ ದಣಿದ ಅತ್ತೆ ಮರಕ್ಕೆ ಒರಗಿ ಕಣ್ಣು ಮುಚ್ಚಿದ್ದಳು. ಆಗ ಹಾಕುವ ಪಾಳಿ ನನ್ನದು. ಗೌತಮಿ ಒಂದು ಪುಟ್ಟ ಹಿತ್ತಾಳೆಯ ಲೋಟ ತಂದು ನನ್ನ ಮುಂದೆ ಹಿಡಿದಳು. ಕುಡಿಯಲಿಕ್ಕೆಂದು ತುಂಬಿದೆ. ಅವಳು ಕುಡಿಯಲಿಲ್ಲ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಚೆಲ್ಲದ ಹಾಗೆ ಹೆಜ್ಜೆ ನೋಡುತ್ತ, ನೆರಳಲ್ಲಿ ಕುಳಿತಿದ್ದ ಖಾಲಾನ ಹತ್ತಿರ ಹೋದಳು.

"ಪಾನಿ," ಅಂದಳು.

ನಾನು ಕೇಳಿದ್ದು ನಿಜವೋ, ಗಾಡಿಯಲ್ಲಿ ಬೀಳುವ ಕನಸೋ ತಿಳಿಯಲಿಲ್ಲ. ಖಾಲಾ ಬಾಯಿ ತೆರೆದವಳು ಮುಚ್ಚಲೇ ಇಲ್ಲ. ಗೌತಮಿ ಲೋಟ ಅವಳ ಕೈಗೆ ಕೊಟ್ಟು, ಕುಡಿಯುವುದನ್ನೇ ಕಾದು ನಿಂತು, ಖಾಲಿ ಲೋಟ ಹಿಡಿದು ಮತ್ತೆ ನನ್ನ ಹತ್ತಿರ ಬಂದಳು. ನಾನು ತುಂಬಿದೆ. ಈ ಸಲ ನರ್ಸಮ್ಮನ ಹತ್ತಿರ ಹೋದಳು.

"ನೀಳ್ಳು."

ಅಷ್ಟು ದಿನ ಆ ಹುಡುಗಿ ಏನನ್ನೂ ಕಲಸಿಕೊಂಡಿರಲಿಲ್ಲ. ಯಾರ ಮಾತು ಯಾರದು ಎಂದು ಸುಮ್ಮನೆ ಕುಳಿತು ಬೇರೆ ಬೇರೆ ಇಟ್ಟುಕೊಂಡಿದ್ದಳು. ಮೂರನೆಯ ಲೋಟ ತುಂಬಿಸಿಕೊಂಡು ಅವಳು ಬೇವಿನಮರದ ಬುಡಕ್ಕೆ ಹೋಗಿ, ಕಣ್ಣು ಮುಚ್ಚಿ ಕುಳಿತ ಅಜ್ಜಿಯ ಮೊಣಕಾಲು ಮುಟ್ಟಿದಳು.

"ಆಯಿ, ನೀರು."

ಅತ್ತೆ ಕಣ್ಣು ತೆರೆದಳು. ಮೊಮ್ಮಗಳನ್ನು ನೋಡಿದಳು, ಲೋಟ ನೋಡಿದಳು, ಪಕ್ಕದ ಬಾಟಲಿಯ ಕಡೆ ಅವಳ ಕೈ ಅರ್ಧ ಹೋಗಿ ಹಿಂದೆ ಬಂತು. ಕೂಸು ಕೇಳಲು ಬಂದಿರಲಿಲ್ಲ, ಕೊಡಲು ಬಂದಿತ್ತು. ಅತ್ತೆ ಲೋಟ ತೆಗೆದುಕೊಂಡು, ದಾರಿಯಲ್ಲಿ ಹೋಗುವವರೆಲ್ಲ ಕುಡಿಯುವ ಆ ಗಡಿಗೆಯ ನೀರನ್ನು, ನಿಧಾನವಾಗಿ, ಒಂದು ಹನಿಯೂ ಉಳಿಯದಂತೆ ಕುಡಿದಳು. ಅವಳ ಕಣ್ಣಿಂದ ಇಳಿದದ್ದೂ ಅದರಲ್ಲಿ ಸೇರಿರಬೇಕು.

ಆಮೇಲೆ ಖಾಲಿ ಲೋಟವನ್ನು ಮೊಮ್ಮಗಳ ಮುಂದೆ ಚಾಚಿದಳು.

"ಇನ್ನೊಂದೀಟು ನೀರು ಹಾಕವ್ವಾ," ಅಂದಳು.

ಗೌತಮಿ ಲೋಟ ಹಿಡಿದು ನನ್ನ ಕಡೆ ಓಡಿ ಬಂದಳು.