ರಸ್ತೆ ನಡುವೆ ಹರಿವಾಣ

ಗುಮಟೆ ವಾದ್ಯದ ಸದ್ದು ಮೊದಲು ಕೇಳಿಸಿದ್ದು ಪೂರ್ವದಿಂದ. ಅಂಕೋಲೆಯ ಕ್ರಾಸಿನಲ್ಲಿ ಬಂದೋಬಸ್ತಿಗೆ ನಿಂತಿದ್ದ ಕಾನ್‌ಸ್ಟೇಬಲ್ ಭವ್ಯಾ ಗೌಡಳ ಎದೆ ಹಿಗ್ಗಿತು. ಹೋಳಿಗೆ ಅಗಸೂರಿನ ಸುಗ್ಗಿ ಕುಣಿತದ ತಂಡ ಬರುತ್ತಿದೆ, ಮುಂದೆ ಕುಣಿಯುತ್ತ ಬರುವವನು ಅವಳಪ್ಪ ಬೀರು ಗೌಡ. ಆ ಹಿಗ್ಗು ಇಳಿಯುವ ಮೊದಲೇ ಪಶ್ಚಿಮದಿಂದಲೂ ಗುಮಟೆ ಕೇಳಬೇಕೇ! ಅದು ಹೊಳೆಯಾಚೆಯ ತಂಡ. ಅಗಸೂರಿನವರು ಬೆಳಿಗ್ಗೆಯೇ ಬಂದು ಹೋಗಬೇಕಿತ್ತು, ಹೊಳೆಯಾಚೆಯವರು ಊಟದ ಮೇಲೆ ಬರಬೇಕಿತ್ತು. ಈಗ ಇಬ್ಬರೂ ಒಟ್ಟಿಗೇ ಬರುತ್ತಿದ್ದಾರೆ.

ಎರಡು ವರ್ಷದ ಹಿಂದೆಯೂ ಇಲ್ಲಿಯೇ ಎದುರಾಗಿದ್ದರು. ತಲೆಗೆ ತುರಾಯಿ, ಅಂದರೆ ಬಣ್ಣದ ಹೂವಿನ ಆ ದೊಡ್ಡ ಕಿರೀಟ ಕಟ್ಟಿದವನು ಇನ್ನೊಂದು ತಂಡಕ್ಕೆ ದಾರಿ ಬಿಡಬಾರದು, ಬಂದ ದಾರಿಯಲ್ಲಿ ಹಿಂದಿರುಗಲೂಬಾರದು. ಹಿರಿಯರ ಕಟ್ಟಳೆ. ಸರಿ, ಎದುರಾದರೆ ಏನು ಮಾಡುವುದು? ಕುಣಿತದ ಕೋಲನ್ನೇ ಎತ್ತಿದರು, ಮತ್ತೇನು! ತಲೆಗಳು ಒಡೆದವು. ಮರುವರ್ಷ ಪೊಲೀಸರು ಮೆರವಣಿಗೆಗೆ ಅನುಮತಿಯನ್ನೇ ಕೊಡಲಿಲ್ಲ. ಆ ಹೋಳಿಯಲ್ಲಿ ಬೀರು ಗೌಡ ಗೂಟದ ಮೇಲಿನ ತುರಾಯಿ ನೋಡುತ್ತ ಊಟ ಬಿಟ್ಟು ಕೂತಿದ್ದ.

ಈ ಸಲ ಸಬ್ ಇನ್ಸ್‌ಪೆಕ್ಟರ್ ಸಂಕೇತ ಅವರನ್ನು ಕಾಡಿ ಬೇಡಿ ಅನುಮತಿ ಕೊಡಿಸಿದವಳು ಭವ್ಯಾ. ಇಬ್ಬರಿಗೂ ಬೇರೆ ಬೇರೆ ಸಮಯ ಗೊತ್ತು ಮಾಡಿದವಳೂ ಅವಳೇ. ಸುಗ್ಗಿಯವರ ಮನೆಯಲ್ಲಿ ಹುಟ್ಟಿದವಳಿಗೆ ಇಷ್ಟೂ ನೆನಪಾಗಬಾರದೇ? ದಾರಿಯಲ್ಲಿ ಯಾರು ಅಂಗಳದಲ್ಲಿ ಹರಿವಾಣ ಇಟ್ಟು ದೀಪ ಹಚ್ಚಿದರೂ ತಂಡ ಹೊಕ್ಕು ಕುಣಿಯಲೇಬೇಕು. ಒಂದು ವರ್ಷ ಸುಗ್ಗಿ ಕಾಣದ ಜನ ಈ ಸಲ ಮನೆಮನೆಯಲ್ಲೂ ದೀಪ ಹಚ್ಚಿದ್ದರು. ಅಗಸೂರಿನವರಿಗೆ ಹೊತ್ತು ಏರಿದ್ದೇ ತಿಳಿಯಲಿಲ್ಲ. ಹೊಳೆಯಾಚೆಯವರೋ, ಹುರುಪಿಗೆ ಬಿದ್ದು ಬೇಗನೆ ಹೊರಟುಬಿಟ್ಟಿದ್ದರು.

“ಭವ್ಯಾ, ಕೋಲಿಗೆ ಕೋಲು ತಾಗಿತೋ, ಮೊದಲ ಕೇಸು ನಿಮ್ಮಪ್ಪನ ಮೇಲೆ,” ಎಂದರು ಪಕ್ಕದಲ್ಲೇ ನಿಂತಿದ್ದ ಸಂಕೇತ. ಕೆಟ್ಟ ಮನುಷ್ಯ ಅಲ್ಲ, ಪಾಪ, ಅವರಿಗೂ ಬೆವರು ಕಿತ್ತುಬಂದಿತ್ತು. “ಆಮೇಲೆ ಸುಗ್ಗಿ ಮೆರವಣಿಗೆಯನ್ನು ಈ ಊರು ಮರೆತುಬಿಡಬೇಕಾಗುತ್ತದೆ.”

ಅಷ್ಟರಲ್ಲಿ ಎರಡೂ ತಂಡ ಕ್ರಾಸಿಗೆ ಬಂದಾಯ್ತು. ಬಸ್ಸು, ಲಾರಿ, ರಿಕ್ಷಾ ಎಲ್ಲ ನಿಂತವು. ಗುಮಟೆ ಒಮ್ಮೆಗೇ ಮೌನವಾದವು.

“ದಾರಿ ಬಿಡೋ ಬೀರು!” ಎಂದ ಹೊಳೆಯಾಚೆಯ ಮುಂದಾಳು ಜಟ್ಟ ಗೌಡ.

“ನಾ ಬಿಡೂದಾ? ತುರಾಯಿ ಕಟ್ದವ ದಾರಿ ಬಿಟ್ಟದ್ದು ಎಲ್ಲಾದ್ರೂ ಕಂಡಿದ್ಯಾ? ನೀನೇ ಬಿಡು!”

ಹಿಂದಿದ್ದ ಹುಡುಗರು ಹೋ ಎಂದು ಕೂಗಿ ಕೋಲು ಎತ್ತಿದರು. ಇತ್ತ ವ್ಯಾನಿನಿಂದ ಪೊಲೀಸರು ಲಾಠಿ ಹಿಡಿದು ಇಳಿದರು. ಭವ್ಯಾಳಿಗೆ ಅಪ್ಪನ ಕೈಗೆ ಬೇಡಿ ತಾನೇ ಹಾಕಬೇಕೇನೋ ಎನ್ನಿಸಿ ಅಳು ಬಂತು. ಮರುಕ್ಷಣ ಅವಳು ಓಡಿದಳು, ತಂಡದ ಕಡೆಗಲ್ಲ, ಮೂಲೆಯ ಹೂಕಾಯಿ ಅಂಗಡಿಗೆ.

“ರೀ ಭವ್ಯಾ, ಎಲ್ಲಿ ಓಡ್ತೀರಿ!” ಸಂಕೇತ ಕೂಗಿದರು. ಯಾರು ಕೇಳುತ್ತಾರೆ!

“ರುಕ್ಮಿಣಕ್ಕಾ, ಒಂದ್ ಹರಿವಾಣ ಕೊಡೇ! ಕಾಯಿ, ಅಕ್ಕಿ, ದೀಪ, ಲಗೂ ಲಗೂ!”

“ಈಗ ಎಂತಾ ಪೂಜೆನೇ ಮಾರಾಯ್ತಿ? ಅಲ್ಲಿ ಹೊಡೆದಾಟ ಆಗೂಕೆ ಬಂದದೆ!”

“ಅದ್ಕೇ ಕೊಡೇ!”

ಹರಿವಾಣ ಎತ್ತಿಕೊಂಡು ಬಂದವಳು ಲಾಠಿ, ಕೋಲುಗಳ ನಡುವೆ ನುಗ್ಗಿದಳು. ಬೂಟು ಕಳಚಿದಳು. ಕಾದ ಡಾಂಬರಿನ ಮೇಲೆ ಹರಿವಾಣ ಇಟ್ಟು ಕಡ್ಡಿ ಗೀರಿದಳು. ಗಾಳಿಗೆ ಆರಿತು. ಇನ್ನೊಂದು ಗೀರಿದಳು, ಅದೂ ಆರಿತು. ಅಂಗೈ ಮರೆ ಮಾಡಿ ಮತ್ತೊಂದು ಗೀರಿದಾಗ ದೀಪ ಹತ್ತಿತು. ಎದ್ದು ಕೈ ಮುಗಿದು ನಿಂತಳು.

ಹರಿವಾಣ ಕಂಡಮೇಲೆ ಮುಂದಾಳು ಕೇಳಬೇಕಾದ ಮಾತೊಂದಿದೆ. ಬೀರು ಗೌಡ ಅನುಮಾನಿಸುತ್ತಲೇ ಕೇಳಿದ, “ಇದು ಯಾರ ಮನೆ ಅಂಗಳ?”

“ನನ್ ಮನೇದು.”

ಜಟ್ಟ ಗೌಡ ನಕ್ಕುಬಿಟ್ಟ. “ರಸ್ತೆ ಮೇಲೆ ನಿಂಗೆ ಮನೆ ಎಲ್ಲಿ ಅದೆ ಹುಡ್ಗಿ?”

“ಬೆಳಗಿಂದ ರಾತ್ರಿ ತಂಕಾ ನಾ ನಿಲ್ಲೂದು ಇಲ್ಲೇ ಜಟ್ಟ ಮಾವಾ. ಮಳೆ ಬಂದ್ರೂ ಇಲ್ಲೇ, ಬಿಸ್ಲು ಬಂದ್ರೂ ಇಲ್ಲೇ. ನಂಗೆ ಇದಲ್ದೆ ಅಂಗಳ ಇನ್ಯಾವ್ದು? ದೀಪ ಹಚ್ಚಾಯ್ತು. ನನ್ ಮನೇಲಿ ಕುಣೀದೆ ಹೋಗ್ತ್ರಾ, ಹೆಂಗೆ?”

ಹೋಗುವಂತಿಲ್ಲವಲ್ಲ! ಅಂಗಳದಲ್ಲಿ ಎಲ್ಲರೂ ಅತಿಥಿಗಳು, ಅತಿಥಿ ಕೋಲು ಎತ್ತುವುದು ಕುಣಿಯುವುದಕ್ಕೆ ಮಾತ್ರ. ಜಟ್ಟ ಗೌಡ ತಲೆ ಕೆರೆದುಕೊಳ್ಳಲು ಹೋದ, ತುರಾಯಿ ಅಡ್ಡ ಬಂತು. “ಭಾರೀ ಹುಡ್ಗಿ ಹುಟ್ಸಿದ್ಯಲ್ಲೋ ಬೀರು,” ಎಂದು ಗೊಣಗಿ, ತನ್ನ ಗುಮಟೆಯವನಿಗೆ ಕಣ್ಸನ್ನೆ ಮಾಡಿದ.

ಬಿತ್ತು ನೋಡಿ ಪೆಟ್ಟು! ಅಗಸೂರಿನವರು ಒಂದು ಬಗಲಿಂದ, ಹೊಳೆಯಾಚೆಯವರು ಇನ್ನೊಂದು ಬಗಲಿಂದ ಹರಿವಾಣದ ಸುತ್ತ ಒಂದೇ ಸುತ್ತಾಗಿ ಕುಣಿತಕ್ಕೆ ಇಳಿದರು. ಹೋ ಹೋ ಎನ್ನುತ್ತ ಕೋಲಿಗೆ ಕೋಲು ತಾಗಿಸಿದರು, ಅಬ್ಬಬ್ಬಾ, ಏನು ತಾಳ! ಸುತ್ತು ತಿರುಗುವಾಗ ಮುಂದಿನವರು ಯಾರು, ಹಿಂದಿನವರು ಯಾರು? ತಿರುಗಿ ತಿರುಗಿ ಅಗಸೂರಿನವರು ಪಶ್ಚಿಮದ ಬದಿಗೆ ಬಂದರು, ಹೊಳೆಯಾಚೆಯವರು ಪೂರ್ವಕ್ಕೆ. ಯಾರೂ ದಾರಿ ಬಿಡಲಿಲ್ಲ, ಯಾರೂ ಹಿಂದಿರುಗಲಿಲ್ಲ. ಲಾರಿ ಡ್ರೈವರುಗಳು ಕೆಳಗಿಳಿದು ಸಿಳ್ಳೆ ಹಾಕಿದರು. ಸಂಕೇತ ಲಾಠಿ ಕಂಕುಳಲ್ಲಿ ಸಿಕ್ಕಿಸಿಕೊಂಡು ಬಸ್ಸುಗಳಿಗೆ ಕೈ ತೋರಿಸುತ್ತ, “ಮುಂದಿನ ವರ್ಷ ಇಬ್ಬರಿಗೂ ಒಂದೇ ಸಮಯ ಕೊಟ್ಟುಬಿಡೋಣ ಕಣ್ರೀ!” ಎಂದು ಕೂಗಿದರು.

ಕುಣಿತ ನಿಂತಿತು. ಈಗ ಮುಂದಾಳುಗಳು ಮನೆಯೊಡತಿಗೆ ತಲೆ ಬಾಗಿಸಬೇಕು. ಜಟ್ಟ ಗೌಡ ಬಾಗಿದ. ಆಮೇಲೆ ಬೀರು ಗೌಡ ಮಗಳೆದುರು ಬಂದು, ಬೆನ್ನು ಬಗ್ಗಿಸಿ, ತುರಾಯಿಯನ್ನು ಅವಳ ಬರಿಗಾಲಿನ ಹತ್ತಿರಕ್ಕೆ ತಂದ.

“ಅಪ್ಪಾ, ಬ್ಯಾಡ!” ಭವ್ಯಾ ಹೌಹಾರಿ ಹಿಂದೆ ಸರಿದಳು.

“ಸುಮ್ನೆ ನಿಲ್ಲೇ,” ಎಂದ ಬೀರು ಗೌಡ. “ಈಗ ನಾ ನಿನ್ನಪ್ಪ ಅಲ್ಲ. ನಿನ್ ಮನೆಗೆ ಬಂದ ಸುಗ್ಗಿಯವ.”

ಭವ್ಯಾ ನಿಂತಳು. ಕಣ್ಣು ಒರೆಸಿಕೊಳ್ಳದೆಯೇ ಹರಿವಾಣದಿಂದ ಅಕ್ಕಿ ತೆಗೆದು ಅಪ್ಪನ ತುರಾಯಿಯ ಮೇಲೆ ಹಾಕಿದಳು.